ಗಿರಣಿಯ ಗಣಿತಜ್ಞ ಜಾರ್ಜ್ ಗ್ರೀನ್

ಬಿ.ಇ. ಓದಿದವರಿಗೆಲ್ಲ ಗ್ರೀನ್ಸ್ ಥಿಯರಮ್ ಗೊತ್ತು. ಅದನ್ನು ಕೊಟ್ಟವರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಶಾಲೆಯ ಈ ಸಂಚಿಕೆಗೆ ಅವರ ಜೀವನವನ್ನೇ ಬರೆಯಬೇಕೆಂದು ನನಗೆ ಅನ್ನಿಸಿತು.

ಜಾರ್ಜ್ ಗ್ರೀನ್ ಹುಟ್ಟಿದ್ದು 1793ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ತಂದೆಯದು ಬ್ರೆಡ್ ಮಾಡಿ ಮಾರುವ ಕಸುಬು. ಗ್ರೀನ್ ಎಂಟನೇ ವಯಸ್ಸಿಗೆ ಶಾಲೆ ಸೇರಿ, ಸುಮಾರು ಒಂದು ವರ್ಷ ಓದಿ ತಂದೆಯ ಕೆಲಸಕ್ಕೆ ಬಂದುಬಿಟ್ಟರು. 1807ರಲ್ಲಿ ತಂದೆ ಪಕ್ಕದ ಸ್ನೆಂಟನ್‌ನಲ್ಲಿ ಗಾಳಿಯಿಂದ ತಿರುಗುವ ಗಿರಣಿ ಕಟ್ಟಿಸಿದರು. ಮಗನ ದುಡಿಮೆ ಅಲ್ಲಿಗೆ ಸಾಗಿತು.

1823ರಲ್ಲಿ ಗ್ರೀನ್ ಚಂದಾ ಕಟ್ಟಿ ನಾಟಿಂಗ್‌ಹ್ಯಾಮ್‌ನ ಗ್ರಂಥಾಲಯದ ಸದಸ್ಯರಾದರು. ಐದು ವರ್ಷದ ನಂತರ, ವಿದ್ಯುತ್ ಮತ್ತು ಕಾಂತತ್ವಕ್ಕೆ ಗಣಿತವನ್ನು ಅನ್ವಯಿಸಿದ ಪ್ರಬಂಧವೊಂದನ್ನು ತಾವೇ ಅಚ್ಚು ಹಾಕಿಸಿದರು. ಬೆಲೆ ಏಳೂವರೆ ಶಿಲಿಂಗ್, ಹೆಸರು ಬರೆಸಿ ಕೊಂಡವರು 51 ಜನ. ಅವರಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರು ವಿರಳ.

ಅದರಲ್ಲಿದ್ದ ವಿಚಾರವನ್ನು ನಮ್ಮ ಊರಿನ ಕೆರೆಯ ಮೂಲಕ ಹೇಳುತ್ತೇನೆ. ಕೆಲವು ಬಗೆಯ ಹರಿವಿನಲ್ಲಿ ಕೆರೆಯ ನಡುವೆ ಏನಾಗುತ್ತಿದೆ ಎಂದು ತಿಳಿಯಲು ನೀರಿಗೆ ಇಳಿಯಬೇಕಿಲ್ಲ. ದಡದ ಉದ್ದಕ್ಕೂ ಏನಾಗುತ್ತಿದೆ ಎಂದು ಗೊತ್ತಾದರೆ ಸಾಕು. ಒಂದು ಬಿಂದುವಿನಲ್ಲಾದ ಸಣ್ಣ ಅಲುಗಾಟ ಉಳಿದೆಡೆ ಎಷ್ಟು ಮುಟ್ಟುತ್ತದೆ ಎಂಬ ಲೆಕ್ಕವೇ ಗ್ರೀನ್ಸ್ ಫಂಕ್ಷನ್. ದಡದ ಒಂದೊಂದು ಬಿಂದುವಿನ ಪಾಲನ್ನೂ ಅದರಿಂದ ಕೂಡಿಸಿದರೆ ಒಳಗಿನ ಉತ್ತರ ಸಿಗುತ್ತದೆ. ಇಂದಿನ ಬೌಂಡರಿ ಇಂಟಿಗ್ರಲ್ ವಿಧಾನದ ಬೇರು ಇಲ್ಲಿದೆ. ಉದ್ದಕ್ಕೆ ಸಾವಿರ, ಅಗಲಕ್ಕೆ ಸಾವಿರ ಬಿಂದುಗಳಿರುವ ಚೌಕದಲ್ಲಿ ಒಟ್ಟು ಹತ್ತು ಲಕ್ಷ ಬಿಂದುಗಳು. ಅಂಚಿನಲ್ಲಿರುವುದು ನಾಲ್ಕು ಸಾವಿರಕ್ಕೂ ಕಡಿಮೆ. ಭೂಮಿಯಂತಹ ಗುಂಡಗಿನ ಮೇಲ್ಮೈಯ ಹರಿವಿಗಾದರೆ, ಆ ಬಾಗಿಗೆ ಹೊಂದುವ ಬೇರೆ ಗ್ರೀನ್ಸ್ ಫಂಕ್ಷನ್ ಬೇಕು. ದಾರಿ ಮಾತ್ರ ಅದೇ.

1829ರಲ್ಲಿ ತಂದೆ ತೀರಿಕೊಂಡರು. 1833ರಲ್ಲಿ, ನಲವತ್ತನೇ ವಯಸ್ಸಿನಲ್ಲಿ, ಗ್ರೀನ್ ಕೇಂಬ್ರಿಡ್ಜ್‌ಗೆ ವಿದ್ಯಾರ್ಥಿಯಾಗಿ ಸೇರಿದರು. 1837ರ ಗಣಿತ ಪರೀಕ್ಷೆಯಲ್ಲಿ ನಾಲ್ಕನೆಯವರಾದರು. ಕಾಲುವೆಯ ಅಲೆಗಳ ಮೇಲೂ ಬರೆದರು. ಆದರೆ ಆರೋಗ್ಯ ಕೆಟ್ಟು ಊರಿಗೆ ಮರಳಿ, 1841ರ ಮೇ 31ರಂದು ನಿಧನರಾದರು.

1845ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದ ತರುಣ, ಆ ಪ್ರಬಂಧವನ್ನು ಹುಡುಕುತ್ತಿದ್ದ. ಎಲ್ಲೂ ಸಿಗದ ಪುಸ್ತಕದ ಪ್ರತಿಗಳು ಕೊನೆಗೆ ಅವನ ಗುರು ಹಾಪ್ಕಿನ್ಸ್ ಅವರ ಬಳಿಯೇ ಇದ್ದವು! ಅವನು ಅದನ್ನು ಪ್ಯಾರಿಸ್‌ಗೆ ಒಯ್ದು ಅಲ್ಲಿನ ಗಣಿತಜ್ಞರಿಗೆ ತೋರಿಸಿದ. 1850ರಿಂದ ಅದು ಜರ್ಮನಿಯ ಪತ್ರಿಕೆಯೊಂದರಲ್ಲಿ ಭಾಗ ಭಾಗವಾಗಿ ಮರುಮುದ್ರಣವಾಯಿತು. ಬರೆದವರು ಆ ಹೊತ್ತಿಗೆ ಇರಲಿಲ್ಲ. ಪಾಳುಬಿದ್ದಿದ್ದ ಅವರ ಗಿರಣಿ ದುರಸ್ತಿಯಾಗಿ 1986ರಲ್ಲಿ ಮತ್ತೆ ಹಿಟ್ಟು ಬೀಸತೊಡಗಿತು.

ಒಂದು ವರ್ಷದ ಶಾಲೆ, ಒಂದು ಗ್ರಂಥಾಲಯ, ಪುಸ್ತಕ ಜೋಪಾನ ಮಾಡಿದ ಒಬ್ಬ ಮೇಷ್ಟ್ರು: ಇಷ್ಟರಿಂದ ಆ ವಿದ್ಯೆ ಉಳಿಯಿತು. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಕೊಠಡಿ, ಕಾಂಪೌಂಡಿನ ಜೊತೆಗೆ ಶಾಲೆಯ ಗ್ರಂಥಾಲಯಕ್ಕೂ ಒಂದು ಪಾಲು ಎತ್ತಿಡೋಣ. ಹೊಲಮನೆಯ ಕೆಲಸಕ್ಕೆಂದು ಓದು ಬಿಟ್ಟವರೂ ಸಂಜೆ ಬಂದು ಕೂತು ಓದುವಂತಾಗಲಿ.