ಹಳದಿ ಕೊರಳಿನ ಗುಬ್ಬಿ ತೋರಿದ ದಾರಿ

ಡಾ. ಸಲೀಂ ಅಲಿ ಅವರ ಹೆಸರನ್ನು ನಾನು ಮೊದಲು ಓದಿದ್ದು ಹೈಸ್ಕೂಲಿನ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ. ಭಾರತದ ಪಕ್ಷಿ ಮಾನವ ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಆ ಹೆಸರಿತ್ತು, ಅಷ್ಟೇ. ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಜೀವಶಾಸ್ತ್ರದ ಮೇಡಂ ಹೇಳಿದಾಗ ಅವರ ಜೀವನವನ್ನು ಮೊದಲಿನಿಂದ ಓದತೊಡಗಿದೆ. ಪಕ್ಷಿಗಳ ಗೆಳೆಯನ ಕತೆ ಏರ್‌ಗನ್‌ನಿಂದ ಶುರುವಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯ ಒಂದು ಸುಲೈಮಾನಿ ಬೋಹ್ರಾ ಕುಟುಂಬದಲ್ಲಿ. ಮನೆಯ ಮಕ್ಕಳಲ್ಲೆಲ್ಲ ಕಿರಿಯವರು. ಒಂದು ವರ್ಷವಿದ್ದಾಗ ತಂದೆ, ಮೂರು ವರ್ಷವಿದ್ದಾಗ ತಾಯಿ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಅವರನ್ನು ಸಾಕಿದರು. ಆ ದಂಪತಿಗೆ ಸ್ವಂತ ಮಕ್ಕಳಿರಲಿಲ್ಲ. ಮಾವನಿಗೆ ಬೇಟೆಯೆಂದರೆ ಇಷ್ಟ, ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಗುಬ್ಬಿ ಹೊಡೆಯುವುದೇ ಅವನ ಆಟ.

ಹತ್ತು ವರ್ಷದ ಆಸುಪಾಸಿನಲ್ಲಿ ಅವರು ಬರೆದಿಟ್ಟ ಒಂದು ಟಿಪ್ಪಣಿ ಈಗಲೂ ಉಳಿದಿದೆ. ಗೂಡಿನ ಬಳಿ ಕೂತಿದ್ದ ಗಂಡು ಗುಬ್ಬಿಯನ್ನು ಹೊಡೆದರೆ ಹೆಣ್ಣು ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡನ್ನು ಕರೆತರುತ್ತಿತ್ತು. ಅದನ್ನೂ ಹೊಡೆದರೆ ಮತ್ತೊಂದು. ಏಳು ದಿನಗಳಲ್ಲಿ ಎಂಟು ಗಂಡು ಗುಬ್ಬಿಗಳು ಸತ್ತವು. ಓದುವಾಗ ನನಗೆ ಸಂಕಟವಾಯಿತು. ಆದರೂ ಎಷ್ಟನೆಯದು, ಎಷ್ಟು ದಿನದಲ್ಲಿ ಎಂದು ಲೆಕ್ಕ ಬರೆದಿಡಬೇಕೆಂದು ಆ ವಯಸ್ಸಿನ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಒಂದು ದಿನ ಹೊಡೆದುರುಳಿಸಿದ ಹಕ್ಕಿಯೊಂದು ಗುಬ್ಬಿಯಂತೆಯೇ ಇದ್ದರೂ ಅದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಇದನ್ನು ತಿನ್ನಬಹುದೇ, ಬಾರದೇ ಎಂಬ ಅನುಮಾನ ಬಂದು ಮಾವನ ಹತ್ತಿರ ತಂದ. ಮಾವನಿಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಅವರು ಒಂದು ಚೀಟಿ ಬರೆದುಕೊಟ್ಟು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಗೌರವ ಕಾರ್ಯದರ್ಶಿ ಮಿಲರ್ಡ್ ಎಂಬ ಇಂಗ್ಲಿಷರು. ಸತ್ತ ಗುಬ್ಬಿ ಹಿಡಿದು ಹೆದರುತ್ತ ನಿಂತ ಹುಡುಗನನ್ನು ಅವರು ಗದರಿಸಿ ಓಡಿಸಲಿಲ್ಲ. ಅದು ಹಳದಿ ಕೊರಳಿನ ಗುಬ್ಬಿ ಎಂದು ತಿಳಿಸಿ, ಕಪಾಟಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆದು, ಹುಲ್ಲು ಹತ್ತಿ ತುಂಬಿ ಕಾಪಿಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಮುಂದೆ ಇದೇ ಸೊಸೈಟಿ ಸಲೀಂ ಅಲಿಯವರ ಎರಡನೆಯ ಮನೆಯಾಯಿತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹಾಡುಹಕ್ಕಿ ಎಂದ ಕೂಡಲೇ ನಮಗೆ ನೆನಪಾಗುವುದು ಕೋಗಿಲೆ. ವಿಜ್ಞಾನಿಗಳ ಪಟ್ಟಿಯಲ್ಲಿ ಕೋಗಿಲೆ ಹಾಡುಹಕ್ಕಿಯೇ ಅಲ್ಲ! ಗುಬ್ಬಿ, ಗೀಜಗ, ಪಿಕಳಾರ, ಮಡಿವಾಳ ಹಕ್ಕಿ ಆ ಗುಂಪಿಗೆ ಸೇರುತ್ತವೆ. ನಂಬಿದರೆ ನಂಬಿ, ಕಾಗೆಯೂ ಸೇರುತ್ತದೆ. ನಮ್ಮ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದ್ದರೆ, ಹಕ್ಕಿಗಳ ಧ್ವನಿಯಂಗ ಶ್ವಾಸನಾಳ ಕವಲೊಡೆಯುವ ಕೆಳತುದಿಯಲ್ಲಿದೆ. ಹಾಡುಹಕ್ಕಿಗಳಲ್ಲಿ ಅದರ ಸ್ನಾಯುಗಳು ಬಹಳ ಸೂಕ್ಷ್ಮವಾಗಿ ಬೆಳೆದಿರುತ್ತವೆ. ಮರಿಗಳು ಹಿರಿಯ ಹಕ್ಕಿಗಳ ಹಾಡು ಕೇಳಿ, ತಪ್ಪುತಪ್ಪಾಗಿ ಅಭ್ಯಾಸ ಮಾಡಿ ಕಲಿಯುತ್ತವೆ. ಹಾಗಾಗಿ ಸಲೀಂ ಅಲಿಯವರನ್ನು ಈ ದಾರಿಗೆ ಎಳೆದದ್ದೂ ಒಂದು ಹಾಡುಹಕ್ಕಿಯೇ.

ಓದಿನಲ್ಲಿ ಅವರು ಮುಂದಿರಲಿಲ್ಲ. ತೀವ್ರ ತಲೆನೋವಿನಿಂದ ಶಾಲೆ ಆಗಾಗ ತಪ್ಪುತ್ತಿತ್ತು, 1913ರಲ್ಲಿ ಮೆಟ್ರಿಕ್ ಹೇಗೋ ಪಾಸಾಯಿತು. ಕಾಲೇಜು ಬಿಟ್ಟು ಕುಟುಂಬದ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡಿನ ಹಕ್ಕಿಗಳ ಮೇಲೆಯೇ ಗಮನ. 1917ರಲ್ಲಿ ಮುಂಬೈಗೆ ಮರಳಿದರು, ಮರುವರ್ಷ ತಹಮಿನಾ ಅವರೊಂದಿಗೆ ಮದುವೆಯಾಯಿತು. ಪ್ರಾಣಿಶಾಸ್ತ್ರ ಕಲಿತರೂ ಪದವಿ ಕೈಯಲ್ಲಿರಲಿಲ್ಲ. ಆ ಕಾರಣಕ್ಕೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಪಕ್ಷಿತಜ್ಞನ ಹುದ್ದೆ ತಪ್ಪಿಹೋಯಿತು. 1926ರಲ್ಲಿ ಮುಂಬೈಯ ವಸ್ತುಸಂಗ್ರಹಾಲಯದಲ್ಲಿ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ ಸಂಬಳ. ಎರಡು ವರ್ಷ ಕಳೆದು ರಜೆ ಪಡೆದು ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮನ್ ಎಂಬ ದೊಡ್ಡ ಪಕ್ಷಿವಿಜ್ಞಾನಿಯ ಬಳಿ ಕಲಿತರು. 1930ರಲ್ಲಿ ಹಿಂತಿರುಗಿದಾಗ ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಲಾಗಿತ್ತು.

ನನ್ನ ಮಟ್ಟಿಗೆ ಅವರ ಜೀವನದ ಅತ್ಯಂತ ಸುಂದರ ಭಾಗ ಈ ನಿರುದ್ಯೋಗದ ದಿನಗಳೇ. ಮುಂಬೈಯಲ್ಲಿ ಖರ್ಚು ನಿಭಾಯಿಸಲಾಗದೆ ಗಂಡ ಹೆಂಡತಿ ಅಲಿಬಾಗ್ ಹತ್ತಿರದ ಕಿಹೀಂ ಎಂಬ ಕಡಲತೀರದ ಹಳ್ಳಿಗೆ ಹೋದರು. ಮಳೆಗಾಲ. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಇವರು ತಿಂಗಳುಗಟ್ಟಲೆ ನೋಡುತ್ತ, ಕೇಳುತ್ತ ಕುಳಿತರು. ಗಂಡು ಗೀಜಗ ಗೂಡನ್ನು ಅರ್ಧಕ್ಕೆ ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದಾಗ ಗಂಡುಗಳೆಲ್ಲ ಗೂಡಿಗೆ ಜೋತುಬಿದ್ದು, ರೆಕ್ಕೆ ಬಡಿದು, ಒಟ್ಟಾಗಿ ಚಿಲಿಪಿಲಿ ಹಾಡಿ ಕರೆಯುತ್ತವೆ. ಹೆಣ್ಣು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಅಲ್ಲೇ ನೆಲೆಸುತ್ತದೆ, ಆಮೇಲೆ ಗಂಡು ಗೂಡನ್ನು ಪೂರ್ತಿಗೊಳಿಸುತ್ತದೆ. ಅದು ಮೊಟ್ಟೆಯಿಟ್ಟ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರುಮಾಡಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಎಲ್ಲರ ಕಣ್ಣೆದುರಿಗೇ ನಡೆಯುತ್ತಿದ್ದ ಈ ಸಂಸಾರವನ್ನು ಅಷ್ಟು ಸರಿಯಾಗಿ ಬಿಡಿಸಿ ಬರೆದವರು ಅಲ್ಲಿಯವರೆಗೆ ಇರಲಿಲ್ಲ. ಆ ಲೇಖನ ಅವರಿಗೆ ಹೆಸರು ತಂದಿತು.

ನಂತರ ಅವರು ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ಹೊರಟರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಊರೂರು ಸುತ್ತಿದರು. ಸಂಬಳ ಬೇಡ, ಕ್ಯಾಂಪಿನ ಖರ್ಚು ಕೊಟ್ಟರೆ ಸಾಕು ಎಂಬ ಕರಾರು. ತಹಮಿನಾ ಡೇರೆಯ ಬದುಕಿಗೂ ಜೊತೆಯಾದರು, ಅವರ ಇಂಗ್ಲಿಷ್ ಬರವಣಿಗೆ ಹದವಾಗಲೂ ಕಾರಣರಾದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಆಕೆ ತೀರಿಕೊಂಡರು. ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು 1939-40ರಲ್ಲಿ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಅದನ್ನು ರಕ್ಷಿಸಬೇಕೆಂದು ಅರಸರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಟೂರಿನಲ್ಲಿ ಅಲ್ಲಿ ದೋಣಿ ಹತ್ತಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಈ ಸಂಗತಿ ಎಷ್ಟು ಜನಕ್ಕೆ ಗೊತ್ತಿತ್ತೋ!

1941ರಲ್ಲಿ ಅವರ ಭಾರತೀಯ ಪಕ್ಷಿಗಳ ಪುಸ್ತಕ ಬಂತು. ಹಕ್ಕಿಯ ಬಣ್ಣ, ಗಾತ್ರ, ಗೂಡಿನ ಜೊತೆಗೆ ಅದರ ಕೂಗು, ಹಾಡು ಹೇಗಿರುತ್ತದೆ ಎಂಬುದನ್ನೂ ಮಾತಿನಲ್ಲಿ ಹಿಡಿದಿಟ್ಟ ಪುಸ್ತಕ ಅದು. ಇಂದು ಮೊಬೈಲಿನಲ್ಲಿ ಹಕ್ಕಿಯ ದನಿ ರೆಕಾರ್ಡ್ ಮಾಡಿಕೊಳ್ಳುವ ನಮಗೆ ಅದರ ಕಷ್ಟ ತಿಳಿಯುವುದಿಲ್ಲ. ಬೆಳಗಿನ ಜಾವ ನಮ್ಮ ಹಾಸ್ಟೆಲಿನ ನೀರಿನ ಟ್ಯಾಂಕಿನ ಮೇಲೆ ಕುಳಿತು ಹಾಡುವ ಮಡಿವಾಳ ಹಕ್ಕಿಯ ದನಿಯನ್ನು ಅಕ್ಷರದಲ್ಲಿ ಬರೆಯಲು ಕೂತು ನೋಡಿದೆ, ಎರಡು ಸಾಲು ದಾಟಲಿಲ್ಲ. ಮುಂದೆ 1968ರಿಂದ 1974ರ ಒಳಗೆ ಅಮೆರಿಕದ ಡಿಲನ್ ರಿಪ್ಲಿ ಜೊತೆ ಸೇರಿ ಹತ್ತು ಸಂಪುಟಗಳ ಬೃಹತ್ ಗ್ರಂಥವನ್ನೇ ಮುಗಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಬಂದೂಕಿನ ವಿಷಯಕ್ಕೆ ಮತ್ತೆ ಬರಬೇಕು. ದೊಡ್ಡವರಾದ ಮೇಲೂ ಅವರು ಅಧ್ಯಯನಕ್ಕಾಗಿ ಹಕ್ಕಿಗಳನ್ನು ಹೊಡೆದು ಚರ್ಮ ಸಂಗ್ರಹಿಸಿದರು. ಅದನ್ನು ಮುಚ್ಚಿಡಲೂ ಇಲ್ಲ, ವಿಜ್ಞಾನಕ್ಕೆ ಅದು ಬೇಕೆಂದೇ ವಾದಿಸಿದರು. ಅವರ ಕಾಲದಲ್ಲಿ ಬೇರೆ ಉಪಾಯ ಕಡಿಮೆಯಿತ್ತು ಎಂದು ನಾನು ಒಪ್ಪುತ್ತೇನೆ, ಪೂರ್ತಿ ಸಮಾಧಾನವಂತೂ ಆಗಿಲ್ಲ. ಭರತ್‌ಪುರದ ಕೆರೆಗಾಗಿ, ಸೈಲೆಂಟ್ ವ್ಯಾಲಿಯ ಕಾಡಿಗಾಗಿ ಹೋರಾಡಿದವರೂ ಅವರೇ. 1976ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷದ ಪಾಲ್ ಗೆಟ್ಟಿ ಪ್ರಶಸ್ತಿಯ 50,000 ಡಾಲರ್ ಹಣವನ್ನು ತಮ್ಮ ಹಳೆಯ ಸೊಸೈಟಿಯ ನಿಧಿಗೆ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ನಿಧನರಾದರು.

2009ರಲ್ಲಿ ಅರುಣಾಚಲ ಪ್ರದೇಶದ ಬೆಟ್ಟಗಳಲ್ಲಿ ಸಂಶೋಧಕರು ಥ್ರಶ್ ಗುಂಪಿನ ಒಂದು ಹಾಡುಹಕ್ಕಿಯನ್ನು ಗಮನಿಸುತ್ತಿದ್ದರು. ಮರಗಳೇ ಇಲ್ಲದ ಬಂಡೆಗಳ ಎತ್ತರದಲ್ಲಿದ್ದವುಗಳ ಹಾಡು ಗರಗರ, ಒರಟು. ಕೆಳಗಿನ ದಟ್ಟ ಕಾಡಿನಲ್ಲಿದ್ದವುಗಳ ಹಾಡು ಇಂಪು. ನೋಡಲು ಎರಡೂ ಒಂದೇ ಥರ, ಅದುವರೆಗೆ ಎಲ್ಲರೂ ಒಂದೇ ಹಕ್ಕಿಯೆಂದು ತಿಳಿದಿದ್ದರು. ಆಮೇಲೆ ಧ್ವನಿಮುದ್ರಣಗಳನ್ನೂ, ಡಿಎನ್‌ಎಯನ್ನೂ, ಹಲವು ಮ್ಯೂಸಿಯಮ್ಮುಗಳ ಡ್ರಾಯರಿನಲ್ಲಿದ್ದ ಹಳೆಯ ಚರ್ಮಗಳನ್ನೂ ಹೋಲಿಸಿ ನೋಡಿದಾಗ ಅವು ಬೇರೆ ಬೇರೆ ಪ್ರಭೇದಗಳೆಂದು ಖಚಿತವಾಯಿತು. 2016ರಲ್ಲಿ, ಇಂಪಾಗಿ ಹಾಡುವ ಆ ಕಾಡಿನ ಹಕ್ಕಿಗೆ ಸಲೀಂ ಅಲಿಯವರ ಹೆಸರಿಟ್ಟರು.