ಕಾಯಕ, ಗಳಿಕೆ, ದಾಸೋಹ: ಡಾ. ಫ.ಗು. ಹಳಕಟ್ಟಿಯವರ ಬದುಕು ಕಲಿಸುವ ಪಾಠ

ವಚನ ಪಿತಾಮಹರೆಂದು ನಾಡು ಗೌರವಿಸುವ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಸಾಹಿತ್ಯಾಭಿಮಾನಿಗಳು. ಮುಂಬಯಿಯಲ್ಲಿ ಉನ್ನತ ವ್ಯಾಸಂಗ ಪೂರೈಸಿ ಕಾನೂನು ಪದವೀಧರರಾದ ಹಳಕಟ್ಟಿಯವರು ವಿಜಾಪುರದಲ್ಲಿ ನೆಲೆನಿಂತು ವಕೀಲರಾಗಿ ಹೆಸರು ಗಳಿಸಿದರು. ಆ ವೃತ್ತಿಯೊಂದರಿಂದಲೇ ಅವರು ಸುಖವಾಗಿ ಬಾಳಬಹುದಾಗಿತ್ತು.

ಆದರೆ ಅವರ ಮನಸ್ಸು ಮನೆಮನೆಗಳ ಜಗುಲಿಯ ಮೇಲೆ, ಮಠಗಳ ಗಂಟುಗಳಲ್ಲಿ ಹುಳು ಹಿಡಿಯುತ್ತಿದ್ದ ತಾಡೋಲೆಗಳತ್ತ ಹರಿಯಿತು. ತಮ್ಮ ಸಮಯವನ್ನು ಊರೂರು ಅಲೆದು ಓಲೆಗಳನ್ನು ಕೂಡಿಸಲು, ಪರಿಶೋಧಿಸಲು ವಿನಿಯೋಗಿಸಿದರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡಿತು. ಮುದ್ರಣಕ್ಕೆ ಪರರನ್ನು ಅವಲಂಬಿಸುವುದು ಸಾಧ್ಯವಾಗದೆಂದು ಅರಿತು, ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನು ಆರಂಭಿಸಿದರು. ಮುಂದೆ ಬಾಡಿಗೆ ಮನೆಯ ಬಾಳೇ ಅವರದಾಯಿತು.

ಹಣದ ಬೆಲೆಯನ್ನು ಅರಿಯದೆ ಅವರು ಹೀಗೆ ಮಾಡಲಿಲ್ಲ. ಬಡ್ಡಿಯ ಹೊರೆಗೆ ಸಿಲುಕಿದ ಜನರಿಗೆ ನ್ಯಾಯವಾದ ಸಾಲ ದೊರೆಯಲೆಂದು, ಉಳಿತಾಯದ ರೂಢಿ ಬೆಳೆಯಲೆಂದು 1912ರಲ್ಲಿ ವಿಜಾಪುರದ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದವರೂ ಅವರೇ. ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಗೆ ಬುನಾದಿ ಹಾಕಿದವರಲ್ಲಿ ಅವರು ಅಗ್ರಗಣ್ಯರು. ಊರಿನ ಹಣವನ್ನು ಅಷ್ಟು ಜೋಪಾನವಾಗಿ ಕಾಯ್ದವರು ತಮ್ಮ ಹಣವನ್ನು ಮಾತ್ರ ಕೈಬಿಚ್ಚಿ ವೆಚ್ಚ ಮಾಡಿದರು. ಆ ತ್ಯಾಗದ ಭಾರವನ್ನು ಅವರ ಮನೆಯವರೂ ಹೊತ್ತರೆಂಬುದನ್ನು ನಾವು ಮರೆಯಲಾಗದು.

ಎಲ್ಲರೂ ಮನೆ ಮಾರಬೇಕೆಂಬುದು ಈ ಬದುಕಿನ ಬೋಧೆಯಲ್ಲ. ಸಂಸಾರಿಯಾದವನು ಮಕ್ಕಳ ಓದಿಗೆ, ಮುಪ್ಪಿನ ಕಾಲಕ್ಕೆ ಕೂಡಿಡುವುದು ಧರ್ಮವೇ ಸರಿ. ಸಾಲ ಮಾಡಿ ಆಡಂಬರದ ಮದುವೆ ನಡೆಸುವುದು, ನೆರೆಯವರ ಸರಿಸಮಕ್ಕೆ ವಾಹನ ಕೊಳ್ಳುವುದು ಧರ್ಮವಲ್ಲ. ಉದ್ಯೋಗವು ಅನ್ನ ನೀಡಲಿ. ಆದರೆ ದಿನದ ಎಲ್ಲ ಗಳಿಗೆಗಳನ್ನೂ ಅದೇ ನುಂಗದಿರಲಿ. ಗಳಿಕೆಯಲ್ಲಿ ಮನೆಗೊಂದು ಪಾಲು, ನಾಳೆಗೊಂದು ಪಾಲು, ಸಮಾಜಕ್ಕೊಂದು ಪಾಲು ಎಂದು ತಿಂಗಳ ಆರಂಭದಲ್ಲಿಯೇ ವಿಂಗಡಿಸುವವನಿಗೆ ಕಾಯಕವೂ ದಾಸೋಹವೂ ಕೂಡಿ ಬರುತ್ತವೆ.

1964ರ ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. ಅವರು ಆಸ್ತಿಯನ್ನು ಉಳಿಸಲಿಲ್ಲ. ಶರಣರ ನುಡಿಯನ್ನು ಉಳಿಸಿದರು. ಇಂದು ನಮ್ಮ ಮನೆಗಳಲ್ಲಿ ವಚನ ಪಠಣ ನಡೆಯುವಾಗಲೆಲ್ಲ ಆ ಉಳಿತಾಯದ ಫಲವನ್ನೇ ನಾವು ಉಣ್ಣುತ್ತಿದ್ದೇವೆ.