ದೈವಪಾಲನೆಯನ್ನು ನಂಬಿದ ಸಂತ ಕೊಟ್ಟೊಲೆಂಗೊ

ದೇವರು ನಮ್ಮ ಮನೆಗೆ ಬರಲಿ ಎಂದು ನಾವೆಲ್ಲರೂ ಪ್ರಾರ್ಥಿಸುತ್ತೇವೆ. ಆದರೆ ಆತನು ಯಾವ ಹೊತ್ತಿನಲ್ಲಿ, ಯಾವ ರೂಪದಲ್ಲಿ ಬಾಗಿಲು ತಟ್ಟುವನೆಂಬುದನ್ನು ಯಾರೂ ಅರಿಯರು. ನಾವು ಸಿದ್ಧರಿಲ್ಲದ ಹೊತ್ತಿನಲ್ಲಿ, ನಮಗೆ ಬೇಡವಾದ ರೂಪದಲ್ಲಿ ಬಂದರೆ ಆತನನ್ನು ಗುರುತಿಸುವುದು ಸುಲಭವಲ್ಲ. ಇಟಲಿಯ ತೂರಿನ್ ನಗರದ ಗುರುವೊಬ್ಬರಿಗೆ ಆ ಗುರುತು ಸಿಕ್ಕಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಅದೂ ಒಂದು ಸಾವಿನ ಎದುರಿನಲ್ಲಿ. ಧರ್ಮಸಭೆಯು ಏಪ್ರಿಲ್ 30ರಂದು ಸ್ಮರಿಸುವ ಸಂತ ಜೋಸೆಫ್ ಬೆನೆಡಿಕ್ಟ್ ಕೊಟ್ಟೊಲೆಂಗೊ ಅವರೇ ಆ ಗುರು.

1786ರ ಮೇ 3ರಂದು ಉತ್ತರ ಇಟಲಿಯ ಬ್ರಾ ಎಂಬ ಊರಿನಲ್ಲಿ ಅವರು ಜನಿಸಿದರು. ಹನ್ನೆರಡು ಮಕ್ಕಳಲ್ಲಿ ಹಿರಿಯರು. ಎಳೆಯ ವಯಸ್ಸಿನಲ್ಲಿಯೇ ಕೋಲೊಂದನ್ನು ಹಿಡಿದು ಮನೆಯ ಕೋಣೆಗಳನ್ನು ಅಳೆಯುತ್ತಿದ್ದರಂತೆ. ಏಕೆಂದು ತಾಯಿ ಕೇಳಿದಾಗ, ಇಲ್ಲಿ ರೋಗಿಗಳಿಗಾಗಿ ಎಷ್ಟು ಹಾಸಿಗೆಗಳನ್ನು ಹಾಕಬಹುದೆಂದು ನೋಡುತ್ತಿರುವುದಾಗಿ ಉತ್ತರಿಸಿದರಂತೆ. 1811ರಲ್ಲಿ ಗುರುದೀಕ್ಷೆ ಪಡೆದು, ದೈವಶಾಸ್ತ್ರದಲ್ಲಿ ಡಾಕ್ಟರ್ ಪದವಿ ಗಳಿಸಿ, 1818ರಲ್ಲಿ ತೂರಿನ್‌ನ ಕೋರ್ಪುಸ್ ದೋಮಿನಿ, ಅಂದರೆ ಪ್ರಭುವಿನ ದೇಹ ಎಂಬ ಹೆಸರಿನ ದೇವಾಲಯದ ಗುರುಮಂಡಳಿಯನ್ನು ಸೇರಿದರು. ಗೌರವವಿತ್ತು, ನೆಮ್ಮದಿಯ ಜೀವನವಿತ್ತು. ಆದರೂ ಮನಸ್ಸಿನಲ್ಲಿ ಏನೋ ಒಂದು ಬರಿದುತನ. ದೇವರು ತಮ್ಮಿಂದ ಏನನ್ನು ಬಯಸುತ್ತಾನೆಂಬುದು ಅವರಿಗೆ ತಿಳಿಯದಾಗಿತ್ತು. ಆ ದಿನಗಳಲ್ಲಿ ಅವರು ಓದಿದ ಸಂತ ವಿನ್ಸೆಂಟ್ ಡಿ ಪೌಲರ ಜೀವನಚರಿತ್ರೆಯು ಹೃದಯದಲ್ಲಿ ಬೀಜವನ್ನು ಬಿತ್ತಿತು.

1827ರ ಸೆಪ್ಟೆಂಬರ್ 2. ಮಿಲಾನ್‌ನಿಂದ ಫ್ರಾನ್ಸಿನ ಲಿಯೋನ್ ನಗರಕ್ಕೆ ಪಯಣಿಸುತ್ತಿದ್ದ ಬಡ ಕುಟುಂಬವೊಂದು ತೂರಿನ್‌ನಲ್ಲಿ ತಂಗಿತು. ಗರ್ಭಿಣಿಯಾಗಿದ್ದ ತಾಯಿಗೆ ತೀವ್ರ ಜ್ವರ. ಗರ್ಭಿಣಿಯೆಂಬ ಕಾರಣಕ್ಕೆ ಸಾಮಾನ್ಯ ಆಸ್ಪತ್ರೆಯು ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಜ್ವರವಿದೆಯೆಂಬ ಕಾರಣಕ್ಕೆ ಹೆರಿಗೆ ಆಸ್ಪತ್ರೆಯೂ ಸೇರಿಸಿಕೊಳ್ಳಲಿಲ್ಲ. ಕೊನೆಗೆ ನಿರ್ಗತಿಕರು ಮಲಗುವ ಕೊಳಕು ಆಶ್ರಯವೊಂದರಲ್ಲಿ ಆಕೆ ಸಾವಿನಂಚಿನಲ್ಲಿದ್ದಾಗ ಕೊಟ್ಟೊಲೆಂಗೊ ಅವರಿಗೆ ಕರೆ ಬಂದಿತು. ಅವರು ಆಕೆಗೆ ಅಂತಿಮ ಸಂಸ್ಕಾರಗಳನ್ನು ನೀಡಿದರು. ಮಕ್ಕಳ ಕಣ್ಣೆದುರಿನಲ್ಲಿಯೇ ತಾಯಿ ತೀರಿಕೊಂಡಳು. ಆಗಷ್ಟೇ ಹುಟ್ಟಿದ ಶಿಶುವೂ ಜ್ಞಾನಸ್ನಾನ ಪಡೆದು ಕಣ್ಮುಚ್ಚಿತು.

ಅಲ್ಲಿ ದುಷ್ಟರು ಯಾರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಎರಡೂ ಆಸ್ಪತ್ರೆಗಳು ತಮ್ಮ ತಮ್ಮ ನಿಯಮಗಳನ್ನು ಪಾಲಿಸಿದ್ದವು. ಎರಡು ನಿಯಮಗಳ ನಡುವಿನ ಸಂದಿನಲ್ಲಿ ಒಬ್ಬ ತಾಯಿ ಸತ್ತಳು. ಆ ಗುರುವಿನ ಹೃದಯವನ್ನು ಇರಿದದ್ದು ಇದೇ. ಅವರು ದೇವಾಲಯಕ್ಕೆ ಮರಳಿ ಪರಮಪ್ರಸಾದದ ಮುಂದೆ ಮೊಣಕಾಲೂರಿದರು. ಬಳಿಕ ಗಂಟೆ ಬಾರಿಸಿ, ದೇವಮಾತೆಯ ಪೀಠದಲ್ಲಿ ದೀಪಗಳನ್ನು ಬೆಳಗಿಸಿ, ಕೂಡಿದ ಜನರೊಡನೆ ಮಾತೆಯ ಪ್ರಾರ್ಥನಾಮಾಲೆಯನ್ನು ಜಪಿಸಿದರು. ಹೊರಬಂದಾಗ ಅವರು ಬೇರೆಯೇ ಮನುಷ್ಯರಾಗಿದ್ದರು.

ತಮ್ಮ ಮೇಲಂಗಿಯನ್ನೂ ಬಿಡದೆ ಇದ್ದುದೆಲ್ಲವನ್ನೂ ಮಾರಿ, 1828ರ ಜನವರಿ 17ರಂದು ಅದೇ ದೇವಾಲಯದ ಎದುರಿನ ಬಾಡಿಗೆ ಕೋಣೆಗಳಲ್ಲಿ ಕೆಲವೇ ಹಾಸಿಗೆಗಳ ಆಸ್ಪತ್ರೆಯನ್ನು ತೆರೆದರು. ಎಲ್ಲಿಯೂ ಸೇರಿಸಿಕೊಳ್ಳದವರಿಗೆ ಅಲ್ಲಿ ಸ್ಥಳವಿತ್ತು. ಪೀಠದ ಮೇಲೆ ಪ್ರಭುವಿನ ದೇಹ. ಬೀದಿಯ ಆಚೆ ಬಡವನ ದೇಹ. ಇವೆರಡರ ನಡುವೆ ಅವರು ಭೇದವನ್ನು ಕಾಣಲಿಲ್ಲ. 1831ರಲ್ಲಿ ಕಾಲರಾ ಭೀತಿಯಿಂದ ಅಧಿಕಾರಿಗಳು ಅದನ್ನು ಮುಚ್ಚಿಸಿದಾಗ, ಕೋಸಿನ ಸಸಿ ದಪ್ಪವಾಗಬೇಕಾದರೆ ಕಿತ್ತು ಬೇರೆಡೆ ನೆಡಬೇಕೆಂದು ನಕ್ಕು ಸಮಾಧಾನಪಟ್ಟರಂತೆ. 1832ರ ಏಪ್ರಿಲ್ 27ರಂದು ಕತ್ತೆಗಾಡಿಯಲ್ಲಿ ಒಬ್ಬ ರೋಗಿಯನ್ನು ಕರೆದುಕೊಂಡು, ಇಬ್ಬರು ಭಗಿನಿಯರೊಡನೆ ನಗರದ ಹೊರವಲಯದ ವಾಲ್ದೊಕ್ಕೊದಲ್ಲಿ ಮತ್ತೆ ಆರಂಭಿಸಿದರು. ಅದೇ ದೈವಪಾಲನೆಯ ಪುಟ್ಟ ಮನೆ. ಕಿವುಡ ಮೂಗರು, ಮೂರ್ಛೆರೋಗಿಗಳು, ಅನಾಥರು, ವೃದ್ಧರು ಅಲ್ಲಿ ನೆಲೆ ಕಂಡರು. ಬುದ್ಧಿ ಬೆಳೆಯದವರನ್ನು ಅವರು ಒಳ್ಳೆಯ ಮಕ್ಕಳೆಂದೇ ಕರೆದರು.

ಆ ಮನೆಗೆ ಮೂಲಧನವಿರಲಿಲ್ಲ. ಬಂದುದನ್ನು ಅಂದೇ ಬಡವರಿಗಾಗಿ ವೆಚ್ಚ ಮಾಡುತ್ತಿದ್ದರು. ನಾಳೆಯನ್ನು ದೇವರಿಗೆ ಒಪ್ಪಿಸುತ್ತಿದ್ದರು. ಆಹಾರಕ್ಕೆ ಕೊರತೆ ಬಿದ್ದಾಗ ಅವರು ಮೊದಲು ನೋಡುತ್ತಿದ್ದುದು ಖಾಲಿ ಹಾಸಿಗೆ ಇದೆಯೇ, ಯಾರನ್ನಾದರೂ ಹಿಂದಕ್ಕೆ ಕಳುಹಿಸಲಾಗಿದೆಯೇ ಎಂದು ಹೇಳುತ್ತಾರೆ. ಇದು ಅವಿವೇಕವಲ್ಲವೇ ಎಂದು ತರ್ಕವು ಪ್ರಶ್ನಿಸಬಹುದು. ಕೈಕಟ್ಟಿ ಕುಳಿತವನ ಭರವಸೆಯಾಗಿದ್ದರೆ ಅದು ಅವಿವೇಕವೇ ಸರಿ. ಆದರೆ ಅಲ್ಲಿ ವೈದ್ಯರಿದ್ದರು, ತರಬೇತಿ ಪಡೆದ ಭಗಿನಿಯರಿದ್ದರು, ಎಡೆಬಿಡದ ಪ್ರಾರ್ಥನೆಯಿತ್ತು. ಭರವಸೆಯು ಅವರನ್ನು ದುಡಿಮೆಯಿಂದ ಬಿಡಿಸಲಿಲ್ಲ, ಭಯದಿಂದ ಬಿಡಿಸಿತು. ಕೊಡುವುದನ್ನು ತಡೆಯುವುದು ಬಹುಪಾಲು ಬಡತನವಲ್ಲ, ಭಯ.

ಮುಂದೆ ಈ ಮನೆಯನ್ನು ನಡೆಸುವವರು ಯಾರೆಂದು ದೊರೆ ಚಾರ್ಲ್ಸ್ ಆಲ್ಬರ್ಟ್ ಕೇಳಿದಾಗ, ಅವರು ಅರಮನೆಯ ಕಾವಲುಗಾರರನ್ನು ತೋರಿಸಿದರಂತೆ. ಒಬ್ಬನು ಇನ್ನೊಬ್ಬನ ಕಿವಿಯಲ್ಲಿ ಒಂದು ಮಾತು ಹೇಳಿ ಹೋಗುತ್ತಾನೆ. ಕಾವಲು ಮಾತ್ರ ನಿಲ್ಲುವುದಿಲ್ಲ. ಹಾಗೆಯೇ ಆಯಿತು. ಟೈಫಸ್ ಜ್ವರಕ್ಕೆ ತುತ್ತಾದ ಅವರು 1842ರ ಏಪ್ರಿಲ್ 30ರಂದು, ಐವತ್ತಾರು ತುಂಬುವ ಮೊದಲೇ, ಕಿಯೇರಿಯಲ್ಲಿ ಸಹೋದರನ ಮನೆಯಲ್ಲಿ ದೈವಾಧೀನರಾದರು. 1934ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಅವರಿಗೆ ಸಂತಪದವಿ ನೀಡಿದರು. ಪುಟ್ಟ ಮನೆಯ ಸೇವೆ ಇಂದಿಗೂ ನಿಂತಿಲ್ಲ.

ಪ್ರಿಯ ಕುಟುಂಬಗಳೇ, ಆಸ್ಪತ್ರೆ ಕಟ್ಟಲು ನಮ್ಮಲ್ಲಿ ಎಲ್ಲರಿಗೂ ಕರೆಯಿಲ್ಲ. ಆದರೆ ಹಾಸಿಗೆ ಹಿಡಿದ ಅತ್ತೆ, ಮಾತು ಬಾರದ ಮಗು, ಪದೇ ಪದೇ ಸಹಾಯ ಕೇಳಿ ಬರುವ ನೆರೆಯವರು ನಮ್ಮ ಹೊಸ್ತಿಲಲ್ಲಿಯೇ ಇದ್ದಾರೆ. ಅವರನ್ನು ದೂರವಿಡಲು ನಮ್ಮಲ್ಲಿ ಕಾರಣಗಳಿವೆ, ಬಹುಶಃ ನ್ಯಾಯವಾದ ಕಾರಣಗಳೇ. ತೂರಿನ್‌ನ ಆಸ್ಪತ್ರೆಗಳಿಗೂ ಇದ್ದವು. ಇಂದು ರಾತ್ರಿ ಜಪಸರಕ್ಕೆ ಕುಳಿತಾಗ, ನಮ್ಮ ಮನೆಯಲ್ಲಿ ಖಾಲಿ ಉಳಿದ ಹಾಸಿಗೆ ಯಾವುದೆಂದು ಒಮ್ಮೆ ಕೇಳಿಕೊಳ್ಳೋಣ. ದೇವರು ಕಾಯುತ್ತಿರುವುದು ಅಲ್ಲಿಯೇ ಇರಬಹುದು.